ಏಣಿ ಮೇಲಿನ ಅಕ್ಷರ

ನೂರ ನಲವತ್ತಮೂರನೇ ಕಂತಿನಲ್ಲಿ ನನ್ನ ಅಪ್ಪ ಮಟಮಟ ಮಧ್ಯಾಹ್ನ ಏಣಿ ಹತ್ತಿ ನಿಂತು, ಕೆಳಗಿದ್ದ ಔಷಧಿ ಅಂಗಡಿಯವನಿಗೆ, "ಆಹಾ, ಎಂಥ ಆಹ್ಲಾದಕರ ಜ್ಯೋತ್ಸ್ನೆ!" ಎಂದುಬಿಟ್ಟ.

ಓದುಗರು ಬಿಡುತ್ತಾರೆಯೇ? ಒಂದು ಗಂಟೆಯೊಳಗೆ ನಲವತ್ತು ಕಾಮೆಂಟು ಬಿತ್ತು. "ಅಪ್ಪನಿಗೆ ಬಿಸಿಲು ನೆತ್ತಿಗೇರಿದೆ, ನೀರು ಕೊಡಿ" ಎಂದ ಒಬ್ಬ. "ಹಗಲಲ್ಲಿ ಬೆಳದಿಂಗಳು ಕಾಣುವವರನ್ನು ಮೊದಲು ಏಣಿಯಿಂದ ಇಳಿಸಿ" ಎಂದಳು ಇನ್ನೊಬ್ಬಳು. ಅದರ ಹಿಂದಿನ ವಾರ, ಬಣ್ಣದ ಡಬ್ಬಿ ಉರುಳಿದ್ದಕ್ಕೆ ಅಪ್ಪ "ಎಲವೋ, ಖಡ್ಗ ಝಳಪಿಸುತ್ತೇನೆ!" ಎಂದು ಅಬ್ಬರಿಸಿದ್ದ. ಮೂರು ವರ್ಷದಿಂದ ಅಪ್ಪನನ್ನು ತಮ್ಮ ಮನೆಯವನಂತೆ ಹಚ್ಚಿಕೊಂಡಿದ್ದ ಜನ, ಅವನು ನಾಟಕಕ್ಕೆ ಸೇರಿದ್ದು ಯಾವಾಗ ಎಂದು ವಿಚಾರಿಸತೊಡಗಿದರು.

ತಪ್ಪು ನನ್ನದೇ. ಗೊತ್ತಿಲ್ಲದೆ ಮಾಡಿದ್ದಲ್ಲ, ಬೇಕೆಂದೇ ಮಾಡಿದ್ದು.

ನಾನು ಕಾಮಿಕ್ ಬಿಡಿಸುವವಳು. ಪ್ರತಿ ಶನಿವಾರ ಬೆಳಿಗ್ಗೆ ಒಂದು ಕಂತು ಅಂತರ್ಜಾಲಕ್ಕೆ ಹೋಗಬೇಕು. ಜನ ಬಸ್ಸಿನಲ್ಲಿ, ಬಚ್ಚಲಲ್ಲಿ, ಮೀಟಿಂಗಿನ ಮೇಜಿನ ಕೆಳಗೆ, ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಅದನ್ನು ಓದುತ್ತಾರೆ. ವಾರವಿಡೀ ನಾನು ಸೊಂಟ ನೋಯಿಸಿಕೊಂಡು ಬಿಡಿಸಿದ್ದು ಅವರಿಗೆ ಮೂರು ನಿಮಿಷದ ಕೆಲಸ. ಅದಕ್ಕೆ ಬೇಸರವಿಲ್ಲ. ಬೇಸರವಿರುವುದು "ಇಷ್ಟೇನಾ?" ಎಂದು ಕೇಳುವವರ ಮೇಲೆ.

ಕಥೆ ಅಪ್ಪನ ಅಂಗಡಿಯದು. ಅಪ್ಪ ಬೋರ್ಡು ಬರೆಯುತ್ತಿದ್ದ. ಒಂದೇ ಬಾಗಿಲಿನ ಅಂಗಡಿ; ಒಳಗೆ ಕಾಲಿಟ್ಟರೆ ಟರ್ಪೆಂಟೈನ್ ವಾಸನೆ ಮೂಗಿಗೆ ಅಡರುತ್ತಿತ್ತು. ಹಿಡಿ ಮುರಿದ ಕಪ್ಪುಗಳಲ್ಲಿ ಬ್ರಶ್‌ಗಳು ತಲೆ ಮೇಲೆ ಮಾಡಿ ನಿಂತಿರುತ್ತಿದ್ದವು. ಸೀಮೆಸುಣ್ಣ ಬಳಿದ ದಾರವನ್ನು ಬೋರ್ಡಿನ ಮೇಲೆ ಬಿಗಿಯಾಗಿ ಹಿಡಿದು, ನಡುವೆ ಎಳೆದು ಫಟ್ಟನೆ ಬಿಟ್ಟರೆ ನೆಟ್ಟಗೆ ಒಂದು ಬಿಳಿ ಗೆರೆ ಮೂಡುತ್ತಿತ್ತು. ಆ ದಾರದ ಒಂದು ತುದಿ ಅಣ್ಣನ ಕೈಯಲ್ಲಿ, ಇನ್ನೊಂದು ಅಪ್ಪನ ಕೈಯಲ್ಲಿ, ನಡುವೆ ಎಳೆದು ಬಿಡುವ ಭಾಗ್ಯ ನನ್ನದು. ಅಪ್ಪ ಬ್ರಶ್ ಒರೆಸುತ್ತಿದ್ದ ಹಿಂದಿನ ಗೋಡೆಯಲ್ಲಿ ಬಣ್ಣ ಬೆರಳುದಪ್ಪ ಕಟ್ಟಿಕೊಂಡಿತ್ತು. ಹಸಿ ಬೋರ್ಡು ಕಂಡರೆ ಬೆರಳಿಟ್ಟು ನೋಡುವುದು ನನ್ನ ಚಾಳಿ. ಎಷ್ಟೋ ಅಂಗಡಿಗಳ ಹೆಸರಿನಲ್ಲಿ ಇಲ್ಲದ ಒಂದು ಚುಕ್ಕೆ ಇರುತ್ತಿದ್ದದ್ದು ನನ್ನ ಕೃಪೆಯಿಂದ. ಹಾಗಾಗಿ ಮನೆಯಲ್ಲಿ ನನ್ನ ಹೆಸರು ಚುಕ್ಕಿ.

ಮೊದಲ ನಾಲ್ಕು ಕಂತುಗಳಲ್ಲಿ ಪಾತ್ರಗಳ ಮಾತನ್ನು ಕಂಪ್ಯೂಟರಿನಲ್ಲಿ ಸಿಗುವ ಸಿದ್ಧ ಅಕ್ಷರದಲ್ಲೇ ಹಾಕಿದ್ದೆ. ಐದನೆಯ ವಾರ ಅಣ್ಣನ ಫೋನು ಬಂತು. ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು, ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿನಲ್ಲಿದ್ದಾನೆ. ಅಪ್ಪ ಅಮ್ಮ ಇಬ್ಬರೂ ಹೋದಮೇಲೆ ನಮ್ಮಿಬ್ಬರ ಮಾತು ತಿಂಗಳಿಗೊಮ್ಮೆ "ಊಟ ಆಯ್ತಾ", "ಆಯ್ತು", "ಮತ್ತೇನು", "ಏನಿಲ್ಲ" ಎಂಬಲ್ಲಿಗೆ ಬಂದು ನಿಂತಿತ್ತು. ಅವತ್ತು ಮಾತ್ರ ಅವನು ಹಲೋ ಕೂಡ ಅನ್ನಲಿಲ್ಲ.

"ಇದು ಯಾರು ಮಾತಾಡ್ತಿರೋದು? ಅಪ್ಪನಾ? ಅಪ್ಪ ಬ್ಯಾಂಕಿನ ನೋಟೀಸ್ ಥರ ಮಾತಾಡ್ತಿದ್ನಾ? ಬೋರ್ಡ್ ಬರೆಯೋನ ಕಥೆಗೆ ಮಿಷನ್ ಅಕ್ಷರ ಹಾಕಿದ್ದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ಹಾಗಾದ್ರೆ ನೀನೇ ಬರೆದುಕೊಡು" ಎಂದೆ ಸಿಟ್ಟಿನಲ್ಲಿ.

ಬರೆದುಕೊಟ್ಟ. ಅಂದಿನಿಂದ ಪ್ರತಿ ಮಂಗಳವಾರ, ಅವನ ಕೆಲಸಕ್ಕೆ ರಜೆಯ ದಿನ, ನಾನು ಕಳಿಸಿದ ಮಾತುಗಳನ್ನು ಬ್ರಶ್‌ನಲ್ಲಿ ಬಿಳಿ ಹಾಳೆಯ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತಿದ್ದ. ನಾನು ಅವನ್ನು ಕತ್ತರಿಸಿ ಚಿತ್ರದಲ್ಲಿ ಪಾತ್ರಗಳ ಬಾಯಿಯ ಪಕ್ಕದ ಗುಳ್ಳೆಗಳೊಳಗೆ ಕೂರಿಸುತ್ತಿದ್ದೆ. ಆಮೇಲೆ ಫೋನು. ಈ ಗುಳ್ಳೆ ಚಿಕ್ಕದಾಯ್ತು, ಆ ಮಾತು ಉದ್ದವಾಯ್ತು ಎಂದು ಶುರುವಾದದ್ದು, ಅಪ್ಪ ಏಣಿಯ ಮೇಲಿಂದಲೇ ಗಿರಾಕಿಗಳ ಜೊತೆ ಜಗಳವಾಡಿದ್ದು, ಅಮ್ಮ ಅಂಗಡಿಗೆ ಬಂದಾಗಲೆಲ್ಲ ಮೂಗಿಗೆ ಸೆರಗು ಹಿಡಿಯುತ್ತಿದ್ದದ್ದು, ಎಲ್ಲಕ್ಕೂ ಹೋಗಿ ಒಂದು ಗಂಟೆ ಕಳೆಯುತ್ತಿತ್ತು. ಮೂರು ವರ್ಷದಲ್ಲಿ ಅಣ್ಣ ನನಗೆ ಮತ್ತೆ ಸಿಕ್ಕಿದ್ದ. ನಿಜ ಹೇಳಬೇಕೆಂದರೆ, ಓದುಗರೆಲ್ಲ ಬಿಟ್ಟುಹೋದರೂ ಆ ಮಂಗಳವಾರಕ್ಕಾಗಿ ನಾನು ಕಾಮಿಕ್ ನಡೆಸುತ್ತಿದ್ದೆ.

ಹೀಗಿರುವಾಗ ಒಂದು ದಿನ ಅತ್ತಿಗೆ ಫೋನು ಮಾಡಿದರು. ದನಿ ತಗ್ಗಿಸಿ, ತರಕಾರಿ ಅಂಗಡಿಯಿಂದ.

"ನಾನು ಹೇಳ್ದೆ ಅನ್ಬೇಡ. ನಿಮ್ಮಣ್ಣನ ಕೈ ನಡುಗ್ತಿದೆ. ಲೋಟ ಹಿಡಿದ್ರೆ ಅರ್ಧ ನೆಲಕ್ಕೆ. ಡಾಕ್ಟ್ರು ಪ್ರಾಣಕ್ಕೇನೂ ಭಯ ಇಲ್ಲ, ಆದ್ರೆ ಕಮ್ಮಿ ಆಗೋದಲ್ಲ, ಬರ್ತಾ ಬರ್ತಾ ಜಾಸ್ತೀನೇ ಅಂದ್ರು. ನೀನು ಕಳಿಸೋ ಒಂದೊಂದು ಸಾಲನ್ನೂ ಹತ್ತು ಸಲ ಬರೀತಾರೆ. ಅದ್ರಲ್ಲಿ ಒಂದು ಸರಿಯಾಗಿರೋದು ನಿಂಗೆ ಬರತ್ತೆ."

ಅಣ್ಣನ ಕೈ ನಿಂತರೆ ಮಂಗಳವಾರ ನಿಲ್ಲುತ್ತದೆ. ಮಂಗಳವಾರ ನಿಂತರೆ ನಾವು ಮತ್ತೆ "ಊಟ ಆಯ್ತಾ"ಗೆ ಹೋಗುತ್ತೇವೆ.

ಆಗ ನಾನು ಮಾಡಿದ ಉಪಾಯ ಇದು. ಇಲ್ಲಿಯವರೆಗೆ ಅಣ್ಣ ಬರೆದದ್ದನ್ನೆಲ್ಲ ಒಂದೊಂದೇ ಅಕ್ಷರವಾಗಿ ಬಿಡಿಸಿ, ಅವನದೇ ಒಂದು ಫಾಂಟ್ ಮಾಡುವುದು. ನಾನು ಕೀಲಿಮಣೆ ಒತ್ತಿದರೆ ಅಣ್ಣನ ಕೈಬರಹ ಬರಬೇಕು. ಆಮೇಲೆ ಅವನು ತಿದ್ದಿದರೆ ಸಾಕು, ನಡುಗುವ ಕೈಯಲ್ಲಿ ಪೇಚಾಡಬೇಕಿಲ್ಲ. ಅವನಿಗೆ ಹೇಳದೆ ಮಾಡಿದೆ. ಹೇಳಿದ್ದರೆ ಕೈಯ ವಿಷಯ ಬರುತ್ತಿತ್ತು, ಅತ್ತಿಗೆಯ ಗುಟ್ಟು ರಟ್ಟಾಗುತ್ತಿತ್ತು. ಇದು ನಾನು ಕೊಡುತ್ತಿದ್ದ ನೆಪ. ಕೇಳಿದರೆ ಬೇಡ ಎನ್ನುತ್ತಾನೆಂಬ ಹೆದರಿಕೆಯೇ ನಿಜವಾದ ಕಾರಣ.

ನಮ್ಮ ಅಕ್ಷರಗಳೋ, ಒಂದೇ ಮನೆಯ ಕೂಡುಕುಟುಂಬ. ತಲಕಟ್ಟು ಬೇರೆ, ಗುಡಿಸು ಬೇರೆ, ಕೊಂಬು ಬೇರೆ, ಕೆಳಗೆ ಕೂರುವ ಒತ್ತು ಬೇರೆ, ಒತ್ತಿನ ಕೆಳಗೆ ಮತ್ತೊಂದು ಒತ್ತು ಬಂದರೆ ಅದಕ್ಕೊಂದು ಜಾಗ ಬೇರೆ. ನೂರಮೂವತ್ತು ಕಂತು ಜಾಲಾಡಿದರೂ ಮೂವತ್ತೊಂದು ಆಕಾರ ಸಿಗಲೇ ಇಲ್ಲ. ಬೋರ್ಡು ಬರೆಯುವವನ ಮನೆಯಲ್ಲಿ ಯಾರು ಖಡ್ಗ ಝಳಪಿಸುತ್ತಾರೆ? ಆದ್ದರಿಂದ ಆ ಆಕಾರಗಳನ್ನು ಅಣ್ಣನ ಕೈಯಿಂದ ಬರೆಸಲು ಅಪ್ಪನ ಬಾಯಿಗೆ ನಾನೇ ಅಂಥ ಮಾತು ತುರುಕತೊಡಗಿದೆ. ಕಥೆ ಹಾಳಾಗುತ್ತಿದೆ ಎಂದು ಗೊತ್ತಿತ್ತು. ಅಪ್ಪನಿಗಿಂತ ಆಗ ನನಗೆ ಅಣ್ಣ ಮುಖ್ಯವಾಗಿದ್ದ.

ಜ್ಯೋತ್ಸ್ನೆಯ ಮರುವಾರ, ಮಂಗಳವಾರ ಮಧ್ಯಾಹ್ನ, ಫೋಟೋ ಬರಲಿಲ್ಲ. ಫೋನು ಬಂತು.

"ಅದರ ಹಿಂದಿನ ವಾರ ಖಡ್ಗ. ಹೋದ ವಾರ ಜ್ಯೋತ್ಸ್ನೆ. ಈ ವಾರ ಢಂಗುರ" ಎಂದ ಅಣ್ಣ, ತಣ್ಣಗೆ. "ಬರೋ ವಾರ ಏನು, ಅಂಗಡಿಗೆ ಋಷಿ ಬರ್ತಾನಾ?"

ನಾನು ನಗಲು ನೋಡಿದೆ. ಅವನು ನಗಲಿಲ್ಲ.

"ಇನ್ನೂ ಎಷ್ಟು ಬಾಕಿ?"

"ಏನು ಎಷ್ಟು?"

"ಅಕ್ಷರ."

ಇಪ್ಪತ್ತೇಳು ವರ್ಷದಿಂದ ಫ್ಲೆಕ್ಸ್ ಬ್ಯಾನರ್ ಅಚ್ಚು ಹಾಕುವ ಅಂಗಡಿಯಲ್ಲಿ ಕೂತವನ ಹತ್ತಿರ ನನ್ನ ಬೇಳೆ ಬೇಯುವುದುಂಟೇ? ಫಾಂಟು ಹೇಗೆ ಹುಟ್ಟುತ್ತದೆ ಎಂದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತು.

"ಒಂಬತ್ತು" ಎಂದೆ.

"ಅಪ್ಪನ ಅಂಗಡಿ ಮುಚ್ಚಿಸಿದ್ದು ಏನು ಅಂತ ಮರೆತುಬಿಟ್ಯಾ? ಇದೇ ಕಣೇ. ಗುಂಡಿ ಒತ್ತಿದ್ರೆ ಬಂದು ಬೀಳೋ ಅಕ್ಷರ. ಅವತ್ತು ಊರವರು ಅಪ್ಪನ ಕೈ ಬೇಡ ಅಂದ್ರು. ಇವತ್ತು ನನ್ನ ಕೈ ಬೇಡ ಅಂತ ನನ್ನ ತಂಗೀನೇ ಅಂತಾಳೆ."

"ಬೇಡ ಅಂತಲ್ಲ ಅಣ್ಣಾ. ನಿನ್ನ ಕೈ ನಡುಗತ್ತೆ ಅಂತ..."

"ಯಾರು ಹೇಳಿದ್ದು?"

ಆ ಕಡೆ ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದು ಕೇಳಿಸಿತು.

"ನಡುಗಿದ್ರೂ ನಂದೇ ಕೈ" ಎಂದು ಅಣ್ಣ ಫೋನು ಇಟ್ಟ.

ಆ ಶನಿವಾರ ಕಂತು ಹೋಗಲಿಲ್ಲ. ಮುಂದಿನ ಶನಿವಾರವೂ ಇಲ್ಲ. "ಕಲಾವಿದೆಗೆ ಜ್ವರ" ಎಂದು ಒಂದು ಸಾಲು ಹಾಕಿ ಕೈಚೆಲ್ಲಿ ಕೂತೆ. ಬಿಡಿಸಬೇಕಾಗಿದ್ದ ಕಂತಾದರೂ ಸುಲಭದ್ದೇ? ಕಥೆ ಅಣ್ಣನ ಇಪ್ಪತ್ತೆರಡನೇ ವಯಸ್ಸಿಗೆ ಬಂದಿತ್ತು. ಅವನು ಅಪ್ಪನ ಅಂಗಡಿ ಬಿಟ್ಟು ಎದುರು ರಸ್ತೆಯ ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಹೋದ ದಿನ. ಢಂಗುರದ ನೆಪ ಹೂಡಿ ನಾನು ಅದನ್ನು ಒಂದು ವಾರ ಮುಂದೂಡಿದ್ದೆ. ಆ ದಿನ ನಾನು ಶಾಲೆಯಲ್ಲಿದ್ದೆ. ಸಂಜೆ ಬಂದಾಗ ಮನೆಯಲ್ಲಿ ಯಾರೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ, ಅಷ್ಟೇ ನನಗೆ ಗೊತ್ತು. ಇನ್ನೆರಡು ವರ್ಷಕ್ಕೆ ಅಂಗಡಿ ಮುಚ್ಚಿತು. ಅಣ್ಣ ಆ ಬಗ್ಗೆ ಎಂದೂ ಬಾಯಿ ಬಿಟ್ಟವನಲ್ಲ.

ಹತ್ತನೆಯ ದಿನ ಅತ್ತಿಗೆಯ ಫೋನು.

"ಜ್ವರ ಬಿಡ್ತಾ? ನಿಮ್ಮಣ್ಣ ಕೇಳು ಅಂದ್ರು. ಕೇಳು ಅಂದ್ರು ಅಂತ ಹೇಳ್ಬೇಡ ಅಂತಾನೂ ಅಂದ್ರು."

ನನಗೆ ನಗು ಬಂತು, ಅಳುವೂ ಬಂತು. ಮುಂದಿನ ಮಂಗಳವಾರ ಬೆಳಗಿನ ಬಸ್ಸು ಹತ್ತಿದೆ.

ಅಣ್ಣನ ಮನೆ ದರ್ಜಿ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಕೆಳಗಿನ ಹೊಲಿಗೆ ಯಂತ್ರಗಳ ಸದ್ದಿಗೆ ನೆಲ ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ. ಕಿಟಕಿಯ ಪಕ್ಕ ಬರೆಯುವ ಮೇಜು, ಮೇಜಿನ ಕೆಳಗೆ ಒಂದು ಬುಟ್ಟಿ. ಬುಟ್ಟಿಯ ತುಂಬ ಹಾಳೆ. ಮೇಲಿನದನ್ನು ಎತ್ತಿ ನೋಡಿದೆ. ಆಹ್ಲಾದಕರ ಜ್ಯೋತ್ಸ್ನೆ, ಆಹ್ಲಾದಕರ ಜ್ಯೋತ್ಸ್ನೆ, ಹದಿನಾಲ್ಕು ಸಲ. ಕೆಲವು ಸಾಲುಗಳು ಕೆಳಗಿನ ಯಂತ್ರದ ಜೊತೆಗೇ ಅಲುಗಾಡಿದ ಹಾಗಿದ್ದವು. ನನ್ನ ತಲೆತಿರುಕ ಮಾತಿಗಾಗಿ ಅವನು ಪಟ್ಟ ಪಾಡು ನೋಡಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ಜ್ವರ ಬಂದವಳ ಥರ ಕಾಣಲ್ಲ" ಎಂದ ಅಣ್ಣ. ದೊಡ್ಡ ಲೋಟದಲ್ಲಿ ಅರ್ಧ ಮಾತ್ರ ಟೀ ಹಾಕಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

"ತಪ್ಪಾಯ್ತು ಅಣ್ಣಾ. ಕೇಳದೆ ಮಾಡಬಾರದಿತ್ತು. ನೀನು ಬೇಡ ಅಂದ್ರೆ ಈಗಲೇ ಎಲ್ಲ ಅಳಿಸಿಹಾಕ್ತೀನಿ. ಆದ್ರೆ ಒಂದು ಸಲ ನೋಡಿಬಿಟ್ಟು ಬೇಡ ಅನ್ನು."

ಅಚ್ಚು ಹಾಕಿಸಿ ತಂದಿದ್ದ ಹನ್ನೊಂದು ಹಾಳೆಗಳನ್ನು ನೆಲದ ಮೇಲೆ ಹರಡಿದೆ. ಮಾತಿಲ್ಲ, ವಾಕ್ಯವಿಲ್ಲ, ಬರೀ ಅಕ್ಷರ, ಸಾಲು ಸಾಲಾಗಿ. ಅಣ್ಣ ಕಿಟಕಿಯ ಹೊರಗೆ ನೋಡುತ್ತಾ ಕೂತ. ಅತ್ತಿಗೆ ಬಾಗಿಲಲ್ಲಿ ನಿಂತು ನನಗೆ ಕಣ್ಸನ್ನೆ ಮಾಡಿದರು: ಸುಮ್ಮನಿರು. ಸುಮ್ಮನಿದ್ದೆ. ಎರಡು ನಿಮಿಷವೂ ಆಗಿರಲಿಲ್ಲ.

"ಆ ಣ ಯಾಕೆ ಹಾಗೆ ಮುಖ ಊದಿಸ್ಕೊಂಡು ಕೂತಿದೆ?"

"ನೀನೇ ಬರೆದದ್ದು."

"ನಾನು ಹಾಗೆ ಬರೆಯೋನಲ್ಲ. ಪೆನ್ಸಿಲ್ ಕೊಡು."

ಕನ್ನಡಕ ಹಾಕಿಕೊಂಡು ನೆಲಕ್ಕೆ ಇಳಿದ. ಮೊದಲ ಹಾಳೆ ತಿದ್ದಿದ, ಎರಡನೆಯದು ತಿದ್ದಿದ. ಈ ಥ ಸೋಮಾರಿ, ಈ ಯ ಆಕಳಿಸುತ್ತಿದೆ ಎಂದು ಬೈಯುತ್ತಾ ಹೋದ. ಬೈಗುಳವೆಲ್ಲ ಅಪ್ಪನದೇ, ಅಣ್ಣನ ಅಕ್ಷರವನ್ನು ಅಪ್ಪ ಹತ್ತು ವರ್ಷ ಹೀಗೇ ಜಾಡಿಸಿದ್ದ. ಅದೇ ರೋಷಕ್ಕೆ ಅಣ್ಣ, "ಅಪ್ಪನ ಕೈಯೇ ಬೇರೆ, ನನ್ನ ಕೈಯೇ ಬೇರೆ" ಎಂದು ಸದಾ ಹೇಳುತ್ತಿದ್ದ.

ಮೂರನೆಯ ಹಾಳೆಯಲ್ಲಿ ಅವನ ಪೆನ್ಸಿಲ್ ನಿಂತಿತು. ಹಾಳೆಯನ್ನು ದೂರ ಹಿಡಿದು ನೋಡಿದ. "ಸ್ಕೇಲ್ ಕೊಡೇ" ಎಂದು ಅತ್ತಿಗೆಯಿಂದ ಇಸಿದುಕೊಂಡು ಒಂದು ಸಾಲಿನ ಕೆಳಗಿಟ್ಟ. ಇನ್ನೊಂದು ಸಾಲಿಗೆ ಇಟ್ಟ. ಹನ್ನೊಂದು ಹಾಳೆಗೂ ಇಟ್ಟು ನೋಡಿದ.

"ಚುಕ್ಕಿ, ನೀನೇನಾದ್ರೂ ಇದನ್ನ ಓರೆ ಮಾಡಿದ್ಯಾ?"

"ಇಲ್ಲ. ನೀನು ಕಳಿಸಿದ ಹಾಗೇ ಕತ್ತರಿಸಿದ್ದು."

"ಎಲ್ಲದರ ತಲಕಟ್ಟೂ ಬಲಕ್ಕೆ ಒಂಚೂರು ಏರಿದೆ ನೋಡು. ಒಂದೂ ಬಿಡದೆ."

ನೋಡಿದೆ. ಹೌದು. ಮೂರು ವರ್ಷ ವಾರವಾರವೂ ಕತ್ತರಿಸಿ ಅಂಟಿಸಿದವಳ ಕಣ್ಣಿಗೂ ಬಿದ್ದಿರಲಿಲ್ಲ. ಮಾತನ್ನು ಓದುವ ಕಣ್ಣು ಅಕ್ಷರ ನೋಡುವುದಿಲ್ಲ.

"ಅಪ್ಪ ಏಣೀನ ಯಾವಾಗ್ಲೂ ಬೋರ್ಡಿನ ಎಡಗಡೆ ಇಡ್ತಿದ್ದ" ಎಂದ ಅಣ್ಣ ನಿಧಾನವಾಗಿ. "ಇಳಿದು ಏಣಿ ಸರಿಸೋಕೆ ಸೋಮಾರಿತನ. ಅಲ್ಲಿಂದಲೇ ಬಲಕ್ಕೆ ಬಗ್ಗಿ, ಕೈ ಚಾಚಿ ಚಾಚಿ ಬರೀತಿದ್ದ. ಕೈ ಚಾಚಿದ ಹಾಗೆ ಗೆರೆ ಏರೋದು. ನಾನು ಕೆಳಗೆ ನಿಂತು ಅದನ್ನೇ ನೋಡಿ ಕಲಿತೆ." ಹಾಳೆಯ ಮೇಲೆ ಬೆರಳಾಡಿಸಿದ. "ನಾನು ಬರೆದದ್ದು ಈ ಮೇಜಿನ ಮೇಲೆ, ಕುರ್ಚೀಲಿ ಕೂತು. ಇಲ್ಲೆಲ್ಲಿದೆ ಏಣಿ? ಇದು ನನ್ನ ಕೈ ಅಲ್ಲ ಕಣೇ. ಅಪ್ಪಂದು."

ಅಣ್ಣ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ, ಮತ್ತೆ ತೆಗೆದ. ನನಗೆ ಅಂಥ ಬಿಗುಮಾನವಿಲ್ಲ; ಗೊಳೋ ಎಂದು ಅತ್ತೆ.

"ಒಂದು ಬೋರ್ಡೂ ಉಳೀಲಿಲ್ಲ ಅಂದ್ಕೊಂಡಿದ್ದೆ" ಎಂದ. "ಎಲ್ಲದರ ಮೇಲೂ ನಮ್ಮ ಫ್ಲೆಕ್ಸ್ ಅಂಗಡಿ ಬ್ಯಾನರೇ ಹಾಕಿದ್ದು. ಎಷ್ಟೋ ಬೋರ್ಡಿಗೆ ನಾನೇ ಮೊಳೆ ಹೊಡೆದಿದ್ದೀನಿ. ಅಪ್ಪನ ಅಕ್ಷರದ ಮೇಲೆ ನಿಂತು. ಆಗ ಕೈ ನಡುಗಲಿಲ್ಲ ನೋಡು."

ಅತ್ತಿಗೆ ಎಲ್ಲರಿಗೂ ಬಡಿಸಿದರು. ಊಟವಾದ ಮೇಲೆ ಅಣ್ಣ ಬಾಕಿಯಿದ್ದ ಒಂಬತ್ತು ಅಕ್ಷರಗಳನ್ನು ಬರೆಯಲು ಕೂತ, ಒಂದೊಂದನ್ನೂ ಹದಿನೈದು ಇಪ್ಪತ್ತು ಸಲ. ಬರೆದ ಮೇಲೆ ಪ್ರತಿಯೊಂದಕ್ಕೂ ಸ್ಕೇಲು ಹಿಡಿದ. ಒಂಬತ್ತೂ ಬಲಕ್ಕೆ ಏರಿದ್ದವು. ಅವನು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ನಾನು ಟ್ಯಾಬ್ ತೆಗೆದು ಅರ್ಧ ಬಿಡಿಸಿದ್ದ ಕಂತನ್ನು ತೋರಿಸಿದೆ. ಅಂಗಡಿ, ಹಿಂದಿನ ಗೋಡೆ, ಕಪ್ಪುಗಳು. ಬಾಗಿಲಲ್ಲಿ ಇಪ್ಪತ್ತೆರಡರ ಅಣ್ಣ, ಒಳಗೆ ಬೆನ್ನು ಹಾಕಿ ಕೂತ ಅಪ್ಪ.

"ಅವತ್ತು ಏನಾಯ್ತು ಅಣ್ಣಾ? ಹೇಳೋಕೆ ಇಷ್ಟವಿದ್ರೆ ಹೇಳು. ಇಲ್ದಿದ್ರೆ ಈ ಕಂತು ಬಿಟ್ಟು ಮುಂದಕ್ಕೆ ಹೋಗ್ತೀನಿ."

ಅವನು ಚಿತ್ರದಲ್ಲಿನ ಬಾಗಿಲನ್ನು ಹಿಗ್ಗಿಸಿ ನೋಡಿದ. ಆಮೇಲೆ ಹೊಸ ಹಾಳೆ ಎಳೆದುಕೊಂಡು, ಬ್ರಶ್ ಅದ್ದಿ, ಒಂದೇ ಸಲ ಬರೆದ: "ಅಪ್ಪಾ, ನಾಳೆಯಿಂದ ಆ ಕಡೆ ಅಂಗಡಿಗೆ ಹೋಗ್ತೀನಿ." ಅಕ್ಷರಗಳು ಮೇಲೆ ಕೆಳಗೆ ಕುಣಿದಿದ್ದವು.

"ಇನ್ನೊಂದು ಸಲ ಬರೀತೀಯಾ?" ಎಂದೆ, ಅಭ್ಯಾಸಬಲದಿಂದ.

"ಬೇಡ. ಅವತ್ತೂ ನನ್ನ ದನಿ ಹೀಗೇ ನಡುಗ್ತಿತ್ತು. ನನ್ನ ಮಾತು ನಾನೇ ಬರ್ಕೊಡ್ತೀನಿ, ಎಷ್ಟು ನಡುಗಿದ್ರೂ. ಅಪ್ಪನ ಮಾತಿಗೆ ನಿನ್ನ ಫಾಂಟ್ ಇರ್ಲಿ. ಪ್ರತಿ ಮಂಗಳವಾರ ಎರಡನ್ನೂ ಕೂತು ನೋಡೋಣ."

"ಅಪ್ಪ ಏನಂದ?"

"ಏನೂ ಅನ್ಲಿಲ್ಲ. ಬ್ರಶ್ ತೊಳೀತಿದ್ದ. ತೊಳೆದ ಬ್ರಶ್ಶನ್ನೇ ಮತ್ತೆ ತೊಳೆದ. ನಾನು ಬಾಗಿಲಲ್ಲೇ ನಿಂತಿದ್ದೆ. ತಿರುಗಿ ನೋಡ್ತಾನೆ, ಬೈದಾದ್ರೂ ಬೈತಾನೆ ಅಂತ. ಸಾಯೋವರೆಗೂ ಆ ಮಾತು ಎತ್ತಲಿಲ್ಲ ಅವನು."

ಹಾಗೇ ಬಿಡಿಸುತ್ತೇನೆ ಎಂದೆ. ಅಪ್ಪನ ಬೆನ್ನು, ಟರ್ಪೆಂಟೈನ್ ಡಬ್ಬಿ, ಬ್ರಶ್‌ಗಳು, ಅಷ್ಟೇ ಸಾಕು. ಅಣ್ಣ ತಲೆಯಾಡಿಸಿದ. ಆದರೆ ಟ್ಯಾಬನ್ನು ವಾಪಸು ಕೊಡಲಿಲ್ಲ.

"ಅಪ್ಪನ ಅಕ್ಷರ ಬರೋಕೆ ಎಲ್ಲಿ ಒತ್ತೋದು?"

"ಅಪ್ಪ ಏನೂ ಅನ್ಲಿಲ್ಲ ಅಂದ್ಯಲ್ಲ?"

ಅವನು ಟ್ಯಾಬನ್ನು ನನ್ನತ್ತ ಹಿಡಿದ. ಎಲ್ಲಿ ಎಂದು ತೋರಿಸಿಕೊಟ್ಟೆ. ದಿನಕ್ಕೆ ಐವತ್ತು ಬ್ಯಾನರು ಹತ್ತು ಬೆರಳಲ್ಲಿ ಕುಟ್ಟಿ ಬಿಸಾಡುವವನು, ಒಂದೇ ಬೆರಳಲ್ಲಿ, ಒಂದೊಂದೇ ಕೀಲಿ ಹುಡುಕಿ ಒತ್ತಿದ. ತಪ್ಪಾಯಿತು, ಅಳಿಸಿದ, ಮತ್ತೆ ಒತ್ತಿದ. ಆಮೇಲೆ ಟ್ಯಾಬನ್ನು ನನ್ನ ಮಡಿಲಲ್ಲಿಟ್ಟು ಎದ್ದು ಕಿಟಕಿಯ ಹತ್ತಿರ ಹೋದ.

"ಸರಿ ಮಗಾ. ಹೋಗಿ ಬಾ" ಎಂದಿತ್ತು, ಅಪ್ಪನ ಕೈಯಲ್ಲಿ.

ಆ ಚೌಕದಲ್ಲಿ ನಾನು ಅಪ್ಪನ ಮಾತಿಗೆ ಜಾಗವನ್ನೇ ಬಿಟ್ಟಿರಲಿಲ್ಲ. ಅವನ ತಲೆಯ ಮೇಲಿನ ಗೋಡೆಯನ್ನು ಅಷ್ಟು ಅಗಲ ಅಳಿಸಿ ಜಾಗ ಮಾಡಿದೆ.